ಚೆನ್ನಾಗಿ ಬಂದ ಗ್ರಾಫು

ಬಿಟಿಎಂ ಲೇಔಟ್
4 ನವೆಂಬರ್ 2024

ಅಪ್ಪ,

ಇಲ್ಲಿಂದ ಸಾರಕ್ಕಿಗೆ ಆಟೊದಲ್ಲಿ ಅರ್ಧ ಗಂಟೆಯೂ ಇಲ್ಲ, ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನೀವು ಅಮ್ಮನ ಹತ್ತಿರ ಹೇಳಿಕೊಂಡು ನಗುತ್ತಿರಬಹುದು. ನಗಿ. ಎದುರೆದುರು ಕೂತರೆ ನಾವಿಬ್ಬರೂ ಎರಡನೇ ಮಾತಿಗೇ ಜಗಳಕ್ಕೆ ನಿಲ್ಲುತ್ತೇವೆ. ಹೋದ ತಿಂಗಳು ತಟ್ಟೆಯ ಮುಂದಿನಿಂದ ಎದ್ದು ಬಂದವಳು ನಾನೇ. ಅಮ್ಮ ಮಾಡಿದ್ದ ಕಾಳುಸಾರು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಿಮ್ಮ ಕೋಪಕ್ಕೆ ಕಾರಣವಿದೆ, ಒಪ್ಪುತ್ತೇನೆ. ಸ್ಕ್ಯಾನಿಂಗ್ ಮೆಷಿನ್ ಕಂಪನಿಯ ಒಳ್ಳೆಯ ಕೆಲಸ ಬಿಟ್ಟು, ಗುರುಸಿದ್ದನ ಜೊತೆ ಸೇರಿ ಸ್ವಂತ ಕಂಪನಿ ಎಂದು ಎರಡು ವರ್ಷದಿಂದ ಒಂದು ಬೆಲ್ಟಿನ ಹಿಂದೆ ಬಿದ್ದಿದ್ದೇನೆ. ಎದೆಯ ಕೆಳಗೆ ಕಟ್ಟಿಕೊಂಡರೆ ಹೃದಯದ ಬಡಿತ ಫೋನಿನಲ್ಲಿ ಗ್ರಾಫಾಗಿ ಬರುವ ಬೆಲ್ಟು. "ಆಸ್ಪತ್ರೇಲಿ ಹತ್ತು ವೈರು ಹಚ್ಚಿದ್ರೂ ಸಿಗ್ದೇ ಇರೋದು ನಿನ್ನ ಲಾಡಿಗೆ ಸಿಗುತ್ತಾ?" ಎಂದಿರಿ. ಆ ಲಾಡಿ ಎಂಬ ಮಾತಿಗೇ ನಾನು ಎದ್ದದ್ದು.

ಈಗ ವಿಷಯ. ಜಯನಗರದಲ್ಲಿ ಅನ್ನಪೂರ್ಣ ಮೇಡಂ ಎಂಬವರಿದ್ದಾರೆ. ಗಂಡ ನಡೆಸುತ್ತಿದ್ದ ಔಷಧಿ ಸಗಟು ವ್ಯಾಪಾರವನ್ನು ಮಾರಿ, ಆ ದುಡ್ಡನ್ನು ನಮ್ಮಂಥ ಸಣ್ಣ ಕಂಪನಿಗಳಲ್ಲಿ ತೊಡಗಿಸುತ್ತಾರೆ. ಗಂಡ ಹೋದದ್ದು ಹೃದಯಾಘಾತದಿಂದ, ಬೆಳಗಿನ ವಾಕಿಂಗಿನಲ್ಲಿ. ಅದಕ್ಕೇ ನಮ್ಮ ಬೆಲ್ಟಿನ ಮೇಲೆ ಅವರಿಗೆ ಮನಸ್ಸು. ಎಂಬತ್ತು ಲಕ್ಷ ಹಾಕಲು ತಯಾರಿದ್ದಾರೆ. ಷರತ್ತು ಇಷ್ಟೇ: ಪರೀಕ್ಷೆಯನ್ನು ಎಸಿಯಲ್ಲಿ ಕೂರುವ ಹುಡುಗರ ಮೇಲೆ ಮಾಡಬಾರದು, ಬೆವರು ಸುರಿಸಿ ದುಡಿಯುವ ನಲವತ್ತು ಜನರ ಮೇಲೆ ಮಾಡಬೇಕು. ಇಸಿಜಿ ಬಲ್ಲವರೊಬ್ಬರು ನಿಂತು ಮಾಡಿಸಿ ವರದಿಗೆ ಸಹಿ ಹಾಕಬೇಕು. ಮೇ ತಿಂಗಳೊಳಗೆ ಈ ದುಡ್ಡು ಬರದಿದ್ದರೆ ಕಂಪನಿಗೆ ಬೀಗ. ಇದನ್ನು ಅಮ್ಮನಿಗೆ ಹೇಳಬೇಡಿ.

ಮೂವತ್ತಮೂರು ವರ್ಷ ಇಸಿಜಿ ತೆಗೆದವರು ನನಗೆ ಗೊತ್ತಿರುವುದು ಒಬ್ಬರೇ. ಆಗುವುದಿಲ್ಲ ಎನ್ನುವುದಾದರೂ ಬರೆದೇ ತಿಳಿಸಿ.

ನಿಮ್ಮ
ತೇಜಸ್ವಿನಿ


ಸಾರಕ್ಕಿ
10 ನವೆಂಬರ್ 2024

ಮಗಳು ತೇಜುಗೆ, ಜೈಭೀಮ್.

ಪೋಸ್ಟ್‌ಮ್ಯಾನ್ ಕಾಗದ ಕೊಡುತ್ತಾ "ಏನ್ಸಾರ್, ಪೆನ್ಷನ್ ಆಫೀಸಿಂದಾನಾ?" ಎಂದು ಕೇಳಿದ. ಮಗಳು ಬರೆದಿದ್ದಾಳೆ, ಬಿಟಿಎಂನಿಂದ ಎಂದೆ. ಅವನು ನನ್ನನ್ನು ನೋಡಿದ ರೀತಿ ಬರೆಯಲಾರೆ.

ಲಾಡಿ ಎಂದದ್ದು ತಪ್ಪು. ಆ ಒಂದು ಮಾತು ವಾಪಸು. ಮಿಕ್ಕದ್ದು ಹಾಗೇ ಇರಲಿ.

ಪರೀಕ್ಷೆ ಮಾಡಿಕೊಡುತ್ತೇನೆ. ನಿನ್ನ ಕಂಪನಿಯ ಮೇಲಿನ ಮೋಹದಿಂದಲ್ಲ. ರಿಟೈರಾಗಿ ಆರು ವರ್ಷವಾಯಿತು, ಬೆಳಗ್ಗೆ ಎದ್ದರೆ ಬೆರಳು ಸುಮ್ಮನಿರುವುದಿಲ್ಲ. ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರು ಗ್ರಾಫು ಕೈಗೆ ತೆಗೆದುಕೊಳ್ಳುವಾಗ "ಸಂಜೀವಯ್ಯ ತೆಗ್ದಿದ್ದಾ? ಹಾಗಾದ್ರೆ ನೋಡ್ಬಹುದು" ಎನ್ನುತ್ತಿದ್ದರು. ನನ್ನ ಗ್ರಾಫಿನಲ್ಲಿ ಗೆರೆ ನಡುಗಿದ್ದನ್ನು ಒಬ್ಬರೂ ಕಂಡಿಲ್ಲ. ರೋಗಿ ಹೆದರಿ ನಡುಗಿದರೆ ನೀರು ಕುಡಿಸಿ, ಊರು ಮನೆ ಕೇಳಿ, ಸಮಾಧಾನವಾದ ಮೇಲೆ ಮತ್ತೊಂದು ತೆಗೆಯುತ್ತಿದ್ದೆ. ಕೆಟ್ಟದ್ದು ಬುಟ್ಟಿಗೆ. ಈಗಿನ ಹುಡುಗರು ಬಂದದ್ದು ಬರಲಿ ಎಂದು ಹರಿದುಕೊಡುತ್ತಾರೆ, ಗ್ರಾಫೋ ಇರುವೆ ಸಾಲೋ ಗೊತ್ತಾಗುವುದಿಲ್ಲ.

ನಲವತ್ತು ಜನರಿಗೆ ಬರವಿಲ್ಲ. ಮಾರ್ಕೆಟ್ಟಿನ ಸೊಪ್ಪಿನವರು, ಗಾರೆಯವರು, ಇಸ್ತ್ರಿಯವರು, ಪೇಂಟಿಂಗಿನವರು ಎಲ್ಲರೂ ನಮ್ಮ ಬೀದಿಯವರೇ. ಹೆಂಗಸರಿಗೆ ಒಳಗಿನ ಕೋಣೆಯಲ್ಲಿ ನಿಮ್ಮಮ್ಮ ಬೆಲ್ಟು ಕಟ್ಟುತ್ತಾಳೆ, ಒಪ್ಪಿಸಿದ್ದೇನೆ. ಬೀಗದ ವಿಷಯ ಅವಳಿಗೆ ಹೇಳಿಲ್ಲ, ಆದರೆ ಕಾಗದ ಓದುವಾಗ ನನ್ನ ಮುಖ ನೋಡುತ್ತಿದ್ದಳು.

ಬೆಲ್ಟು ಕಳಿಸು. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು.

ನಿನ್ನ ಅಪ್ಪ
ಸಂಜೀವಯ್ಯ


ಸಾರಕ್ಕಿ
15 ಡಿಸೆಂಬರ್ 2024

ತೇಜು,

ಮುಗಿಯಿತು. ನಲವತ್ತು ಜನ, ಒಬ್ಬೊಬ್ಬರದು ಐದೈದು ದಿನ, ಒಟ್ಟು ಇನ್ನೂರು ಗ್ರಾಫು. ಎಲ್ಲವೂ ನಿನ್ನ ಆಫೀಸಿಗೆ ಬಂದಿರಬೇಕು. ತೆಗೆದು ನೋಡು, ಕಣ್ಣಿಗೆ ಒತ್ತಿಕೊಳ್ಳಬೇಕು, ಹಾಗಿವೆ.

ಒಂದು ತಿಂಗಳು ನಮ್ಮ ನಡುಮನೆ ಥೇಟು ಹೊರರೋಗಿ ವಿಭಾಗ. ಇಸ್ತ್ರಿ ದೊಡ್ಡಯ್ಯ ಬೆಲ್ಟು ಕಟ್ಟಿಸಿಕೊಂಡು "ಸಾರ್, ಇದ್ರಲ್ಲಿ ಮನಸ್ಸಲ್ಲಿರೋದೂ ಕಾಣುತ್ತಾ?" ಎಂದು ಕೇಳಿದ. ಕಾಣುತ್ತೆ, ನಿನ್ನ ಹೆಂಡತಿಗೂ ಕಳಿಸ್ತೀನಿ ಎಂದೆ. ಮಾರನೆಯ ದಿನ ಬರಲಿಲ್ಲ, ಹೋಗಿ ಕರೆತರಬೇಕಾಯಿತು. ಸೊಪ್ಪಿನ ಮುನಿಲಕ್ಷ್ಮಮ್ಮ ಮಾರ್ಕೆಟ್ಟಿನಿಂದ ಸೀದಾ ಬರುತ್ತಿದ್ದಳು. ಸೊಪ್ಪಿಗೆ ಚಿಮುಕಿಸಿದ ನೀರು, ಬೆವರು, ಒದ್ದೆ ರವಿಕೆ, ಬೆಲ್ಟು ನಿಲ್ಲಬೇಕಲ್ಲ? ಎರಡನೇ ದಿನ ಅವಳದು ಮೂರು ಸಲ ತೆಗೆದೆ, ಮೂರೂ ಸೊಟ್ಟಪಟ್ಟ. ಒಂದು ಬಡಿತ ಇಲ್ಲಿ, ಇನ್ನೊಂದು ಎಲ್ಲೋ. ಕೂರಿಸಿ, ಫ್ಯಾನು ಹಾಕಿ, ನಿಮ್ಮಮ್ಮನಿಂದ ಕಾಫಿ ಕೊಡಿಸಿ, ಅರ್ಧ ಗಂಟೆ ಬಿಟ್ಟು ತೆಗೆದೆ. ದಾರ ಹಿಡಿದು ಎಳೆದ ಹಾಗೆ ಬಂತು. "ಚೆನ್ನಾಗಿ ಬಂದಿದೆ, ಹೋಗು" ಎಂದೆ. "ನಿಮ್ ತೇಜೂನ ಸೊಂಟದ ಮೇಲೆ ಹೊತ್ತು ಗಟ್ಟಿಯಾಗಿರೋ ಎದೆ ಕಣಣ್ಣ ಇದು, ಚೆನ್ನಾಗಿ ಬರ್ದೆ ಇರುತ್ತಾ?" ಎಂದು ನಗುತ್ತಾ ಹೋದಳು. ನೀನು ಮೂರು ವರ್ಷ ಆ ಸೊಂಟದ ಮೇಲೇ ಬೆಳೆದದ್ದು, ನೆನಪಿರಲಿ.

ಹೀಗೆ ನಡುಗಿದವನ್ನೆಲ್ಲ ಅಲ್ಲಲ್ಲೇ ಅಳಿಸಿ ಬೇರೆ ತೆಗೆದಿದ್ದೇನೆ. ನಿನ್ನ ಕಂಪನಿಗೆ ಕೊಳಕು ಗ್ರಾಫು ಕೊಟ್ಟೆ ಎನಿಸಿಕೊಳ್ಳಲಾರೆ.

ಬೆಲ್ಟು ನಾನು ಅಂದುಕೊಂಡಷ್ಟು ಕೆಟ್ಟದಾಗಿಲ್ಲ. ಇದನ್ನು ಹೊಗಳಿಕೆ ಎಂದು ತಿಳಿಯಬೇಡ.

ಅಪ್ಪ


ಬಿಟಿಎಂ ಲೇಔಟ್
11 ಜನವರಿ 2025

ಅಪ್ಪ,

ವರದಿ ತಯಾರಾಯಿತು. ಇನ್ನೂರರಲ್ಲಿ ನೂರ ತೊಂಬತ್ತನಾಲ್ಕು ಗ್ರಾಫು ಓದಲು ಬರುವಂತಿವೆ. ನೂರಕ್ಕೆ ತೊಂಬತ್ತೇಳು! ಗುರುಸಿದ್ದ ಕಲಬುರಗಿಗೆ ಅವರವ್ವನಿಗೆ ಫೋನ್ ಹಚ್ಚಿ ಅರ್ಧ ಗಂಟೆ ಅತ್ತ. ನಾನು ಅಳಲಿಲ್ಲ, ಹೋಟೆಲಿಗೆ ಹೋಗಿ ಎರಡು ಮಸಾಲೆ ದೋಸೆ ತಿಂದೆ.

ಅನ್ನಪೂರ್ಣ ಮೇಡಂ ಮುಂದಿನ ಭಾನುವಾರ ನಿಮ್ಮನ್ನು ನೋಡಲು ಬರುತ್ತಾರೆ. ಒಳ್ಳೆಯವರು, ಆದರೆ ಕೇಳುವ ಪ್ರಶ್ನೆ ಚುಚ್ಚುತ್ತದೆ. ವರದಿಯ ಪ್ರತಿ ಹಾಳೆಗೂ ಅವರ ಎದುರಿಗೇ ಸಹಿ ಹಾಕಿ. ಒಂದು ಮಾತು. ಮೊದಲು ತೆಗೆದವನ್ನು ಅಳಿಸಿ ಮತ್ತೆ ತೆಗೆದ ವಿಷಯ ಅವರ ಮುಂದೆ ಬೇಡ. ಅದು ಕೆಲಸ ಬಲ್ಲವರಿಗೆ ಅರ್ಥವಾಗುವ ಸಂಗತಿ, ಹೊರಗಿನವರಿಗೆ ಬೇರೆಯೇ ಕೇಳಿಸುತ್ತದೆ.

ಅಮ್ಮನಿಗೆ ಹೇಳಿ, ಈ ಸಲ ಬಂದಾಗ ಊಟ ಮುಗಿಸಿಯೇ ಏಳುತ್ತೇನೆ.

ನಿಮ್ಮ
ತೇಜು


ಸಾರಕ್ಕಿ
23 ಫೆಬ್ರವರಿ 2025

ತೇಜು,

ಗುರುವಾರ ಬೆಳಗ್ಗೆ ಮಾರ್ಕೆಟ್ಟಿನಲ್ಲಿ ಮುನಿಲಕ್ಷ್ಮಮ್ಮನಿಗೆ ಲಕ್ವ ಹೊಡೆಯಿತು. ಮೆಂತ್ಯದ ಕಟ್ಟು ಕಟ್ಟುತ್ತಿದ್ದ ಕೈ ಹಾಗೇ ಬಿದ್ದುಹೋಯಿತಂತೆ. ಪಕ್ಕದ ಟೊಮೇಟೊದವನು ಆಟೊದಲ್ಲಿ ಹಾಕಿಕೊಂಡು ಹೋದ. ಸುದ್ದಿ ತಿಳಿದು ನಾನೂ ಅವಳ ಗಂಡ ಮುನಿಯಣ್ಣನೂ ಓಡಿದೆವು. ಜೀವಕ್ಕೆ ಅಪಾಯವಿಲ್ಲ. ಬಲಗೈ, ಬಲಗಾಲಿನಲ್ಲಿ ಸ್ವಾಧೀನ ಇಲ್ಲ. ಮಾತು ಬಾಯಿಂದ ಹೊರಡುತ್ತದೆ, ಮಾತಾಗಿ ಬರುವುದಿಲ್ಲ.

ಡಾಕ್ಟರು ಹೇಳಿದ್ದನ್ನು ನಿನಗೆ ಬಿಡಿಸಿ ಹೇಳಬೇಕಿಲ್ಲ. ಅವಳ ಹೃದಯ ಆಗಾಗ ತಾಳ ತಪ್ಪಿ ಬಡಿಯುತ್ತದಂತೆ, ಸ್ವಲ್ಪ ಹೊತ್ತಿಗೆ ತಾನೇ ಸರಿಹೋಗುತ್ತದಂತೆ. ಹಾಗೆ ತಪ್ಪಿದಾಗ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಿದೆ. "ಹಿಂದೆ ಯಾವತ್ತಾದ್ರೂ ಇಸಿಜಿ ತೆಗೆಸಿದ್ರಾ?" ಎಂದು ಕೇಳಿದರು. ಮುನಿಯಣ್ಣ ನನ್ನ ಹೆಗಲ ಮೇಲೆ ಕೈ ಹಾಕಿ, "ಇವ್ರೇ ತೆಗ್ದಿದ್ರು ಸಾರ್, ಡಿಸೆಂಬರಲ್ಲಿ. ಚೆನ್ನಾಗಿ ಬಂದಿದೆ ಅಂದ್ರು" ಎಂದ. ಎಷ್ಟು ಹೆಮ್ಮೆಯಿಂದ ಹೇಳಿದ ಗೊತ್ತಾ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಸ್ಥಿತಿ. ಆ ಕೈಯನ್ನು ಮೆಲ್ಲಗೆ ಸರಿಸಿದೆ.

ನಾನು ಅಳಿಸಿದವು ಎಲ್ಲಾದರೂ ಉಳಿದಿರುತ್ತವಾ? ಆ ಮೂರನ್ನು ನಾನು ನೋಡಬೇಕು.

ಅಪ್ಪ


ಬಿಟಿಎಂ ಲೇಔಟ್
2 ಮಾರ್ಚ್ 2025

ಅಪ್ಪ,

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಮುನಿಲಕ್ಷ್ಮಮ್ಮತ್ತೆ ಎಡಗೈಯಿಂದ ನನ್ನ ಜಡೆ ಹಿಡಿದುಕೊಂಡು ಬಿಡಲೇ ಇಲ್ಲ. ನಿಮಗೆ ಸಿಗಬಾರದೆಂದೇ ನೀವಿಲ್ಲದ ಹೊತ್ತು ನೋಡಿ ಹೋದೆ.

ನೀವು ಫೋನಿನಲ್ಲಿ ಅಳಿಸಿದರೂ ಆಫೀಸಿನ ಕಂಪ್ಯೂಟರಿನಲ್ಲಿ ಎಲ್ಲವೂ ಉಳಿದಿವೆ. ಆ ಮೂರನ್ನು ಇದರ ಜೊತೆ ಇಟ್ಟಿದ್ದೇನೆ. ನೀವೇ ನೋಡಿ. ಬೆಲ್ಟು ಜಾರಿರಲಿಲ್ಲ ಅಪ್ಪ. ಗೆರೆ ಸ್ಪಷ್ಟವಾಗಿದೆ, ಸೊಟ್ಟ ಇದ್ದದ್ದು ಬಡಿತ. ಡಾಕ್ಟರು ಫೆಬ್ರವರಿಯಲ್ಲಿ ಹೇಳಿದ್ದನ್ನು ನಮ್ಮ ಬೆಲ್ಟು ಡಿಸೆಂಬರಿನಲ್ಲೇ ಹೇಳಿತ್ತು.

ಗುರುಸಿದ್ದ ಇದನ್ನು ನೋಡಿ ಕುರ್ಚಿಯಿಂದ ಎದ್ದುಬಿಟ್ಟ. "ತೇಜಕ್ಕಾ, ನಮ್ಮ ಮಷೀನ ಹಿಡದದ ನೋಡ್ರಿ! ಇದನ್ನ ಮೇಡಮ್ಮಾರಿಗೆ ತೋರಸ್ರಿ, ನಾಳೀನೇ ರೊಕ್ಕಾ ಹಾಕ್ತಾರ" ಎಂದ. ಅವನನ್ನು ಬೈಯಲು ಬಾಯಿ ತೆರೆದೆ. ನನಗೂ ಒಂದು ಕ್ಷಣ ಅದೇ ಖುಷಿಯಾಗಿತ್ತು, ಅದಕ್ಕೇ ಬೈಯಲಾಗಲಿಲ್ಲ. ಅತ್ತೆಯ ಕೈ ನನ್ನ ಜಡೆಯಲ್ಲಿದ್ದಾಗ ಈ ಖುಷಿ ನೆನಪಾಗಿ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಇನ್ನೊಂದು ಸಂಗತಿ. ನೀವು ಅಳಿಸಿದವು ಒಟ್ಟು ನೂರ ಹದಿನೇಳು. ಈ ಮೂರು ಬಿಟ್ಟರೆ ಮಿಕ್ಕವೆಲ್ಲ ನಿಜವಾಗಿಯೂ ಬೆಲ್ಟು ಜಾರಿ ಕೆಟ್ಟವೇ. ಅವನ್ನೂ ಸೇರಿಸಿ ಲೆಕ್ಕ ಹಾಕಿದರೆ ನೂರಕ್ಕೆ ತೊಂಬತ್ತೇಳು ಹೋಗಿ ಅರವತ್ತೆರಡಕ್ಕೆ ಇಳಿಯುತ್ತದೆ. ಅರವತ್ತೆರಡಕ್ಕೆ ಯಾರೂ ದುಡ್ಡು ಹಾಕುವುದಿಲ್ಲ. ಅತ್ತೆಯ ಈ ಮೂರನ್ನು ಮಾತ್ರ ಮೇಡಂಗೆ ತೋರಿಸಿದರೆ ಆಗುವುದಿಲ್ಲವೇ? ಇದು ಸುಳ್ಳಲ್ಲವಲ್ಲ. ಸಹಿಯ ದಿನ ಏಪ್ರಿಲ್ ಇಪ್ಪತ್ತೈದು.

ತೇಜು


ಸಾರಕ್ಕಿ
6 ಮಾರ್ಚ್ 2025

ತೇಜು,

ಮೂರನ್ನೂ ನೋಡಿದೆ. ನೋಡಲು ಒಂದು ನಿಮಿಷವೂ ಬೇಕಾಗಲಿಲ್ಲ. ಆಸ್ಪತ್ರೆಯಲ್ಲಿ ಇಂಥದ್ದು ಬಂದರೆ ರೋಗಿಯನ್ನು ಏಳಲೂ ಬಿಡದೆ ಗ್ರಾಫು ಹಿಡಿದು ಡಾಕ್ಟರ ಹತ್ತಿರ ಓಡುತ್ತಿದ್ದೆ. ಎಷ್ಟು ಸಲ ಓಡಿದ್ದೇನೆ. ಹಾಗಾದರೆ ಅವತ್ತು ಯಾಕೆ ಕಾಣಲಿಲ್ಲ?

ಮೂರು ರಾತ್ರಿ ಇದನ್ನೇ ಕೇಳಿಕೊಂಡೆ. ಉತ್ತರ ಹೇಳುತ್ತೇನೆ, ಕೇಳು. ಆಸ್ಪತ್ರೆಯ ಮೆಷಿನ್ನಿನಲ್ಲಿ ಗೆರೆ ಸೊಟ್ಟ ಬಂದರೆ ಎದೆಯಲ್ಲಿ ಏನೋ ಇದೆ ಎಂದುಕೊಳ್ಳುತ್ತಿದ್ದೆ. ನಿನ್ನ ಬೆಲ್ಟಿನಲ್ಲಿ ಸೊಟ್ಟ ಬಂದಾಗ ಬೆಲ್ಟಿನದೇ ತಪ್ಪು ಎಂದುಕೊಂಡೆ. ನನಗೆ ಅದರ ಮೇಲೆ ನಂಬಿಕೆ ಇರಲಿಲ್ಲ. ಆದರೂ ನೀನು ಸೋಲಬಾರದು ಎಂಬ ಆಸೆ ಇತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನಾನು ಹೆಗ್ಗಣವೆಂದು ತಿಳಿದೇ ಮುಚ್ಚಿಟ್ಟೆ. ಮಗಳ ಮೆಷಿನ್ನು ನಿಜ ಹೇಳುತ್ತಿತ್ತು, ಮಗಳ ಮಾನ ಕಾಯಲು ಹೋಗಿ ಅದರ ಬಾಯಿ ಮುಚ್ಚಿದವನು ನಾನು. ಒಂದು ಮಾತ್ರೆಯಲ್ಲಿ ತಡೆಯಬಹುದಾಗಿತ್ತು ಎನ್ನುತ್ತಾರೆ ಡಾಕ್ಟರು. ಒಂದು ಮಾತ್ರೆ, ತೇಜು.

ಮೂರನ್ನು ಮಾತ್ರ ತೋರಿಸುತ್ತೇನೆ ಎಂದಿದ್ದೀಯ. ಮೂರನ್ನು ಹಿಡಿದದ್ದು ನಿನ್ನ ಬೆಲ್ಟು ಎನ್ನುತ್ತೀಯ, ಬಿಸಾಡಿದ್ದು ಯಾರು ಎಂದು ಕೇಳಿದರೆ? ಉಳಿದ ನೂರ ಹದಿನಾಲ್ಕು ಎಲ್ಲಿ ಎಂದರೆ? ಮುನಿಲಕ್ಷ್ಮಮ್ಮನ ಬಿದ್ದ ಕೈಯನ್ನು ನಿನ್ನ ಅಂಗಡಿಯ ಬೋರ್ಡಿಗೆ ಕಟ್ಟಬೇಡ. ಕಟ್ಟಿದ ದಿನದಿಂದ ನನಗೂ ನಿನಗೂ ಕಾಗದವೂ ಇರುವುದಿಲ್ಲ.

ನಾನೇ ಆ ಮೇಡಂಗೆ ಬರೆಯಬಹುದು. ಬರೆಯುವುದಿಲ್ಲ. ಮಗಳ ಕಂಪನಿಗೆ ಅಪ್ಪನೇ ಬೀಗ ಹಾಕಿದ ಎಂದಾಗಬಾರದು. ನೀನೇ ಹೋಗು. ನೂರ ಹದಿನೇಳನ್ನೂ ತೆಗೆದುಕೊಂಡು ಹೋಗು. ನನ್ನ ಸಹಿಯನ್ನು ಹೊಡೆದುಹಾಕು.

ಅಪ್ಪ


ಜಯನಗರ
21 ಏಪ್ರಿಲ್ 2025

ಶ್ರೀ ಸಂಜೀವಯ್ಯನವರಿಗೆ ನಮಸ್ಕಾರಗಳು.

ಜನವರಿಯಲ್ಲಿ ನಿಮ್ಮ ಮನೆಗೆ ಬಂದು, ನೀವು ವರದಿಗೆ ಸಹಿ ಹಾಕುವುದನ್ನು ನೋಡಿ, ನಿಮ್ಮ ಮನೆಯವರು ಕೊಟ್ಟ ಕಾಫಿ ಕುಡಿದು ಹೋದ ಅನ್ನಪೂರ್ಣ ನಾನು. ಈ ಕಾಗದ ಸಂತೋಷದ್ದಲ್ಲ.

ಹೋದ ವಾರ ನಿಮ್ಮ ಮಗಳು ಬಂದಿದ್ದರು. ಒಂದು ಕಟ್ಟು ಗ್ರಾಫನ್ನು ನನ್ನ ಮೇಜಿನ ಮೇಲಿಟ್ಟು, "ಮೇಡಂ, ಇವು ನೂರ ಹದಿನೇಳು. ವರದೀಲಿ ಇಲ್ಲ. ಅಳಿಸಿದ್ದು ನಾನು. ಅಪ್ಪಂಗೆ ಏನೂ ಗೊತ್ತಿಲ್ಲ, ಅವ್ರು ನಂಬಿ ಸಹಿ ಹಾಕಿದ್ರು" ಎಂದರು. ಸೊಪ್ಪು ಮಾರುವ ಆ ಹೆಣ್ಣುಮಗಳ ವಿಷಯವನ್ನೂ ಹೇಳಿದರು. ಅಳಿಸುವ ಕೈಗೆ ನಾನು ದುಡ್ಡು ಕೊಡುವವಳಲ್ಲ, ನೇರವಾಗಿಯೇ ಹೇಳಿದೆ. "ಸರಿ ಮೇಡಂ" ಎಂದು ಲೋಟದಲ್ಲಿದ್ದ ನೀರು ಪೂರ್ತಿ ಕುಡಿದು ಎದ್ದು ಹೋದರು. ವಾದ ಮಾಡಲಿಲ್ಲ. ಅದೇ ನನ್ನನ್ನು ಕಾಡಿತು.

ನಿನ್ನೆ ಕಟ್ಟನ್ನು ಬಿಚ್ಚಿ ಒಂದೊಂದಾಗಿ ನೋಡಿದೆ. ಗ್ರಾಫು ನನಗೆ ಓದಲು ಬರುವುದಿಲ್ಲ, ಗಂಟೆ ಓದಲು ಬರುತ್ತದೆ. ಪ್ರತಿಯೊಂದರಲ್ಲೂ ತೆಗೆದ ಹೊತ್ತು, ಅಳಿಸಿದ ಹೊತ್ತು ಎರಡೂ ಇವೆ. ತೆಗೆದ ಒಂದು ನಿಮಿಷದೊಳಗೆ ಎಲ್ಲವನ್ನೂ ಅಳಿಸಲಾಗಿದೆ. ಆಗ ಬೆಲ್ಟಿನ ಪಕ್ಕದಲ್ಲಿ ಸಾರಕ್ಕಿಯಲ್ಲಿ ಕೂತಿದ್ದವರು ನೀವು. ನಿಮ್ಮ ಮಗಳು ಬಿಟಿಎಂನಲ್ಲಿದ್ದರು.

ನನ್ನ ಅನುಮಾನ ತಪ್ಪಾದರೆ ಕ್ಷಮಿಸಿ. ಸರಿಯಾದರೆ, ನೀವು ನನಗೆ ಏನಾದರೂ ಬರೆಯುವಿರಿ ಎಂದುಕೊಂಡಿದ್ದೇನೆ.

ಇಂತಿ,
ಅನ್ನಪೂರ್ಣ


ಸಾರಕ್ಕಿ
26 ಏಪ್ರಿಲ್ 2025

ಅನ್ನಪೂರ್ಣ ಮೇಡಂ ಅವರಿಗೆ ಸಂಜೀವಯ್ಯ ಮಾಡುವ ವಂದನೆಗಳು.

ನಿಮ್ಮ ಅನುಮಾನ ಸರಿ. ಅಳಿಸಿದವನು ನಾನು. ನೂರ ಹದಿನೇಳರಲ್ಲಿ ಒಂದನ್ನೂ ನನ್ನ ಮಗಳು ಮುಟ್ಟಿಲ್ಲ. ಅಳಿಸಿದ್ದನ್ನು ನಾನೇ ಅವಳಿಗೆ ಡಿಸೆಂಬರಿನಲ್ಲಿ ಬರೆದಿದ್ದೆ, ಅವಳು ನಿಮಗೆ ಹೇಳದೆ ಮುಚ್ಚಿಟ್ಟಳು. ಅದು ಅವಳ ತಪ್ಪು. ಸಹಿ ಹಾಕುವಾಗ ನನಗೂ ಗೊತ್ತಿತ್ತು, ನಿಮ್ಮೆದುರಿಗೆ ಸುಮ್ಮನಿದ್ದೆ. ಅದು ನನ್ನದು. ನನ್ನ ತಪ್ಪನ್ನೂ ಅವಳು ತಲೆಯ ಮೇಲೆ ಹೊತ್ತು ನಿಮ್ಮ ಮನೆ ಬಾಗಿಲಿಗೆ ಬಂದಿದ್ದಳು ಎಂದು ನಿಮ್ಮ ಕಾಗದದಿಂದಲೇ ತಿಳಿದದ್ದು. ಓದಿ ಬಹಳ ಹೊತ್ತು ನನ್ನ ಹೆಂಡತಿಯ ಮುಖ ನೋಡಲಾಗಲಿಲ್ಲ.

ಯಾಕೆ ಅಳಿಸಿದೆ ಎಂದರೆ, ಮೂವತ್ತಮೂರು ವರ್ಷ ಅದನ್ನೇ ಕೆಲಸವೆಂದು ಮಾಡಿಕೊಂಡು ಬಂದವನು. ಡಾಕ್ಟರಿಗೆ ನಡುಗದ ಗ್ರಾಫು ಬೇಕಿತ್ತು, ಕೊಟ್ಟೆ, ಶಭಾಷ್ ಎನಿಸಿಕೊಂಡೆ. ನಿಮಗೆ ಬೇಕಾದದ್ದು ನಡುಗಿದ್ದೇ ಎಂಬುದು ತಲೆಗೆ ಹೋಗಲಿಲ್ಲ. ಇದು ನೆಪವಲ್ಲ, ನಡೆದದ್ದು.

ನಿಮಗೆ ಬರೆಯುವ ಮುಂಚೆ ಹೇಳಬೇಕಾದವರು ಬೇರೆ ಇದ್ದರು. ನಿನ್ನೆ ಮುನಿಯಣ್ಣನ ಮನೆಗೆ ಹೋಗಿ ಮೂರು ಗ್ರಾಫನ್ನೂ ಅವನ ಮುಂದಿಟ್ಟು ಎಲ್ಲವನ್ನೂ ಹೇಳಿದೆ. ಮುನಿಲಕ್ಷ್ಮಮ್ಮ ಮಂಚದ ಮೇಲೆ ಮಲಗಿ ಕೇಳಿಸಿಕೊಳ್ಳುತ್ತಿದ್ದಳು. ಅವನು ಒಂದೇ ಕೇಳಿದ. "ಅವತ್ತೇ ಹೇಳಿದ್ರೆ ಇವ್ಳು ಎದ್ದು ಓಡಾಡ್ತಿದ್ಲಾ ಅಣ್ಣ?" ಹೌದು ಅನ್ನಿಸುತ್ತೆ ಎಂದೆ. "ಆಯ್ತು, ಹೋಗಿ" ಎಂದ. ಬೈದಿದ್ದರೆ ಕೂತಿರುತ್ತಿದ್ದೆ. ಇಪ್ಪತ್ತೆಂಟು ವರ್ಷದ ನೆರೆ, ಅವನು ನನ್ನನ್ನು ಹೋಗಿ ಎಂದದ್ದು ಇದೇ ಮೊದಲು.

ದುಡ್ಡಿನ ತೀರ್ಮಾನ ನಿಮ್ಮದು, ನಾನು ಕೇಳುವುದಿಲ್ಲ. ಅಳಿಸಿದವಳು ತೇಜಸ್ವಿನಿ ಎಂಬ ಮಾತು ಮಾತ್ರ ನಿಮ್ಮ ಮನಸ್ಸಿನಲ್ಲಿ ಉಳಿಯದಿರಲಿ.

ತಮ್ಮ ವಿಶ್ವಾಸಿ
ಸಂಜೀವಯ್ಯ


ಜಯನಗರ
12 ಮೇ 2025

ತೇಜಸ್ವಿನಿ ಅವರಿಗೆ,

ನೀವು ನನ್ನಿಂದ ಒಮ್ಮೆ ಸತ್ಯ ಮುಚ್ಚಿಟ್ಟಿರಿ, ಇನ್ನೊಮ್ಮೆ ಸುಳ್ಳು ಹೇಳಿದಿರಿ. ಮೊದಲನೆಯದು ಕಂಪನಿಗಾಗಿ, ಎರಡನೆಯದು ಅಪ್ಪನಿಗಾಗಿ. ಎರಡನೆಯದನ್ನು ಮನ್ನಿಸಿದ್ದೇನೆ. ಮೊದಲನೆಯದು ನೆನಪಿರುತ್ತದೆ.

ಇಷ್ಟಾದರೂ ಆ ಮೂರು ಗ್ರಾಫನ್ನು ಮರೆಯಲು ನನಗೆ ಆಗುತ್ತಿಲ್ಲ. ನನ್ನ ಗಂಡನ ಎದೆಯ ಮೇಲೆ ಅಂಥದ್ದೊಂದು ಬೆಲ್ಟು ಇದ್ದಿದ್ದರೆ ಎಂದು ಒಬ್ಬಳೇ ಕೂತಾಗ ಯೋಚನೆ ಬರುತ್ತದೆ. ಅರ್ಧ ದುಡ್ಡು ಈಗ ಕೊಡುತ್ತೇನೆ. ದುಡಿಯುವವರ ಮೈಮೇಲೆ ಬೆಲ್ಟು ಯಾಕೆ ಜಾರುತ್ತದೆ ಎಂದು ಮೊದಲು ಕಂಡುಹಿಡಿಯಿರಿ. ಅದೇ ಬೀದಿಯಲ್ಲಿ, ಅದೇ ಜನರ ಮೇಲೆ ಇನ್ನೊಂದು ಪರೀಕ್ಷೆ ಮಾಡಿ. ಒಂದು ಗೆರೆಯನ್ನೂ ಅಳಿಸಬಾರದು. ಅದನ್ನು ನೋಡಿ ಉಳಿದರ್ಧದ ಮಾತು.

ಇನ್ನೊಂದು ಷರತ್ತು, ಬರೆಯಲು ಸಂಕಟವಾಗುತ್ತದೆ. ಈ ಸಲ ನಿಮ್ಮ ತಂದೆ ಬೆಲ್ಟು ಮುಟ್ಟಬಾರದು, ಗ್ರಾಫು ನೋಡಲೂ ಬಾರದು. ಅವರ ಮೇಲೆ ನನಗೆ ಗೌರವ ಹೆಚ್ಚಿದೆಯೇ ಹೊರತು ಕಮ್ಮಿಯಾಗಿಲ್ಲ. ಆದರೂ ಇದು ಹೀಗೇ ಆಗಬೇಕು.

ಇಂತಿ,
ಅನ್ನಪೂರ್ಣ


ಸಾರಕ್ಕಿ
24 ಆಗಸ್ಟ್ 2025

ತೇಜು ಮಗಳೇ,

ನಾನು ಕಾಗದ ಬರೆದು ಎಷ್ಟು ವರ್ಷವಾಯಿತೋ, ಅಕ್ಷರ ನೋಡಿ ನಗಬೇಡ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಪ್ಪ ಆಚೆ ಜಗಲಿ ಮೇಲೆಯೇ ಇದ್ದಾರೆ, ಎಲ್ಲ ಕೇಳಿಸುತ್ತದೆ. ಬೆಲ್ಟು ತಂದ ನಿನ್ನ ಆಫೀಸಿನ ಶ್ವೇತ ಊಟಕ್ಕೆ ಕೂತಿದ್ದಾಳೆ. ಅವಳು ಕೈ ತೊಳೆಯುವುದರೊಳಗೆ ಇದನ್ನು ಮುಗಿಸಿ ಅವಳ ಕೈಲೇ ಕಳಿಸುತ್ತೇನೆ.

ಹೊಸ ಬೆಲ್ಟು ಚೆನ್ನಾಗಿ ಕೂರುತ್ತದೆ, ಒದ್ದೆ ಮೈಗೂ ಜಾರುವುದಿಲ್ಲ. ಜನ ಮಾತ್ರ ಮೊದಲಿನ ಹಾಗೆ ಬರಲಿಲ್ಲ. ಒಂದು ಮನೆ ಬಿಟ್ಟು ಮಿಕ್ಕೆಲ್ಲರ ಮನೆಗೂ ನಾನೇ ಹೋಗಿ ಕರೆದೆ. ಬಂದವರು ಹನ್ನೊಂದು. ಮುನಿಲಕ್ಷ್ಮಮ್ಮನ ವಿಷಯ ಬೀದಿಗೆಲ್ಲ ಗೊತ್ತು, ಯಾರೂ ಎದುರಿಗೆ ಆಡುವುದಿಲ್ಲ ಅಷ್ಟೆ. ನಿಮ್ಮಪ್ಪ ಬೆಳಗ್ಗೆ ಎಂಟಕ್ಕೇ ಸ್ನಾನ ಮಾಡಿ, ಇಸ್ತ್ರಿ ಶರ್ಟು ಹಾಕಿಕೊಂಡು ಜಗಲಿ ಮೇಲೆ ಕೂತರು. ಒಳಗೆ ಬರುವುದಿಲ್ಲ, ನೀನು ಮಾಡು ಎಂದರು. ಬಂದವರಿಗೆಲ್ಲ ಚಪ್ಪಲಿ ಇಲ್ಲಿ ಬಿಡಿ, ಅಲ್ಲಿ ಬಿಡಿ ಎಂದು ಹೇಳುತ್ತಿದ್ದರು. ಮೂವತ್ತಮೂರು ವರ್ಷ ಆ ಕೆಲಸ ಮಾಡಿದ ಮನುಷ್ಯ.

ಹನ್ನೆರಡು ಗಂಟೆಗೆ ಮುನಿಯಣ್ಣ ಬಂದ. ನಾನು ಅವರ ಮನೆಗೆ ಕರೆಯಲು ಹೋಗಿರಲಿಲ್ಲ, ಯಾವ ಮುಖ ಇಟ್ಟುಕೊಂಡು ಹೋಗಲಿ? ತಾನಾಗಿಯೇ ಬಂದ. ನಿಮ್ಮಪ್ಪ ಎದ್ದು ನಿಂತರು. ಅವನು ಅವರ ಕಡೆ ತಿರುಗದೆ ಸೀದಾ ಒಳಗೆ ಬಂದು ಶರ್ಟು ಬಿಚ್ಚಿ ಕೂತ. "ತಗೊಳ್ಳಕ್ಕಾ. ಹೆಂಗ್ ಬರುತ್ತೋ ಹಂಗೇ ಇರ್ಲಿ, ನನ್ಗೂ ಏನಾದ್ರೂ ಆದ್ರೆ ಅವ್ಳನ್ನ ಎತ್ತಿ ಕೂರ್ಸೋರಿಲ್ಲ" ಎಂದ. ಕಟ್ಟಿದೆ. ಗೆರೆ ಬಂತು, ಮೇಲೆ ಕೆಳಗೆ, ಮೇಲೆ ಕೆಳಗೆ. ಮಿಕ್ಕವರ ಹಾಗೆಯೇ ಇತ್ತೋ ಬೇರೆ ಇತ್ತೋ ನನಗೆ ತಿಳಿಯಲಿಲ್ಲ. ಒಂದು ಕಡೆ ಸ್ವಲ್ಪ ತೂಗಿದ ಹಾಗೆ ಕಂಡಿತು. ಶ್ವೇತಳಿಗೆ ತೋರಿಸಿದೆ, ನಂಗೂ ಓದೋಕ್ ಬರಲ್ಲ ಆಂಟಿ ಎಂದಳು. ಗ್ರಾಫನ್ನು ಹಾಗೇ ನಿನ್ನ ಆಫೀಸಿಗೆ ಕಳಿಸಿದೆ. ಅವನು ಶರ್ಟು ಹಾಕಿಕೊಂಡು, ಬಂದ ಹಾಗೆಯೇ ಹೋದ. ನಿಮ್ಮಪ್ಪ ಇನ್ನೂ ನಿಂತೇ ಇದ್ದರು.

ಆಮೇಲೆ ಅವರು ಬಾಗಿಲವರೆಗೆ ಬಂದು, "ಈಶ್ವರಿ, ಮುನಿಯಣ್ಣಂದು ಹೆಂಗ್ ಬಂತು?" ಎಂದರು. ನಾನು ಫೋನನ್ನು ಮಗುಚಿ ಹಿಡಿದೆ. "ನೋಡಲ್ಲ ಕಣೇ. ಸರಿ ಇದೆಯಾ, ಅಷ್ಟ್ ಹೇಳು ಸಾಕು" ಎಂದರು. ಏನು ಹೇಳಲಿ ಮಗಳೇ? ನನಗೆ ಓದಲು ಬರುವುದಿಲ್ಲ. ಒಂದು ಸಲ ಕಣ್ಣು ಹಾಯಿಸಿದರೆ ಓದಬಲ್ಲವರು ಅಲ್ಲೇ ನಿಂತಿದ್ದಾರೆ, ಅವರಿಗೆ ತೋರಿಸುವ ಹಾಗಿಲ್ಲ. ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ಅಡುಗೆಮನೆಗೆ ಹೋದೆ. ಮದುವೆಯಾಗಿ ಮೂವತ್ತೆಂಟು ವರ್ಷಕ್ಕೆ ಅವರಿಂದ ಒಂದು ವಸ್ತು ಬಚ್ಚಿಟ್ಟದ್ದು ಇದೇ ಮೊದಲು. "ಒಳ್ಳೇದು, ತೋರಿಸ್ಬೇಡ" ಎಂದು ಹೊರಟುಹೋದರು. ಆಗಿನಿಂದ ಜಗಲಿ ಮೇಲೆ ಮುನಿಯಣ್ಣನ ಮನೆ ಕಡೆಗೇ ನೋಡಿಕೊಂಡು ಕೂತಿದ್ದಾರೆ. ಊಟಕ್ಕೆ ಕರೆದರೆ ಆಮೇಲೆ ಎನ್ನುತ್ತಾರೆ.

ಶ್ವೇತ ಏಳುತ್ತಿದ್ದಾಳೆ. ಈ ಕಾಗದ ಸಿಕ್ಕ ತಕ್ಷಣ ಬೇರೆಲ್ಲ ಕೆಲಸ ಬಿಟ್ಟು ಮುನಿಯಣ್ಣನ ಗ್ರಾಫನ್ನು ಬಲ್ಲವರಿಗೆ ತೋರಿಸು. ಸರಿಯಿದ್ದರೆ ನಿಮ್ಮಪ್ಪನಿಗೆ ಹೇಳು, ಎರಡು ತುತ್ತು ತಿನ್ನಲಿ. ಸರಿಯಿಲ್ಲದಿದ್ದರೆ ಇಲ್ಲಿಗೆ ಬರಬೇಡ. ಮೊದಲು ಮುನಿಯಣ್ಣನ ಮನೆಗೆ ಹೋಗು.

ನಿನ್ನ ಅಮ್ಮ
ಈಶ್ವರಮ್ಮ